ಇರುವವು, ಇರುವವರು

ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಹೊಲಿಗೆಯಕ್ಕ ಅವಳಿಗೊಂದು ಮಾತು ಕೊಟ್ಟಿದ್ದಳು: ಕಿಟಕಿ ಇರುವ ಕೋಣೆಯೊಂದನ್ನು ನಿನಗೇ ಅಂತ ಕಟ್ಟಿಸಿಕೊಡುತ್ತೇನೆ. ಮಾತು ಕೊಡುವಂಥ ದೊಡ್ಡ ಸಂದರ್ಭವೇನೂ ಅಲ್ಲ. ಮಗುವಿಗೆ ಜ್ವರ ಬಂದಿತ್ತು, ಕಹಿ ಔಷಧಿ ಕುಡಿಸಬೇಕಿತ್ತು. ಔಷಧಿ ಒಳಗೆ ಹೋಯಿತು, ಜ್ವರ ಹೊರಗೆ ಹೋಯಿತು, ಮಾತು ಮಾತ್ರ ಎಲ್ಲಿಗೂ ಹೋಗದೆ ಮನೆಯಲ್ಲೇ ಉಳಿಯಿತು. ಮಕ್ಕಳಿಗೆ ಮಗ್ಗಿ ಮರೆಯುತ್ತದೆ, ಹಲ್ಲುಜ್ಜುವುದು ಮರೆಯುತ್ತದೆ. ಹೆತ್ತವರು ಕೊಟ್ಟ ಮಾತು ಮರೆಯುವುದಿಲ್ಲ.

ಮನೆ ಬೀದಿಯ ಕೊನೆಯದು. ಅದರ ಹಿಂದೆ ಹುಲ್ಲಿನ ಇಳಿಜಾರು, ಇಳಿಜಾರಿನ ಮೇಲೆ ಕಾಡು. ಎರಡು ಕೋಣೆ, ಒಂದು ಅಡುಗೆಮನೆ, ನಡುವೆ ಉದ್ದನೆಯ ಒಂದು ಪ್ಯಾಸೇಜು. ಆ ಪ್ಯಾಸೇಜಿನಲ್ಲಿ ಗೋಡೆಯಂಥ ಒಂದು ಮರದ ಕಪಾಟು, ಕಪಾಟಿನ ಹಿಂದೆ ಮಗಳ ಮಂಚ. ಅಲ್ಲಿ ಹಗಲೂ ಬಲ್ಬು ಉರಿಯಬೇಕು. ಹದಿನೈದು ವರ್ಷದವಳಾದ ಮೇಲೂ ಹುಡುಗಿ ಪ್ರತಿ ಬೆಳಿಗ್ಗೆ ಮಂಚದಿಂದಲೇ ಕೂಗುತ್ತಿದ್ದಳು: "ಅಮ್ಮಾ, ಹೊರಗಡೆ ಬೆಳಗಾಯ್ತಾ?" ಅದು ಪ್ರಶ್ನೆಯಲ್ಲ, ಚುಚ್ಚುಮಾತು ಎಂಬುದು ಹೊಲಿಗೆಯಕ್ಕನಿಗೆ ಗೊತ್ತಿತ್ತು. ಆದರೂ ಆಗಿದೆ, ಏಳು ಎಂದು ಉತ್ತರ ಕೊಟ್ಟು, ಶಾಲಾ ಸಮವಸ್ತ್ರದ ಕಾಲರಿಗೆ ಮತ್ತೆ ಸೂಜಿ ಇಳಿಸುತ್ತಿದ್ದಳು.

ಆ ಕಪಾಟಿಗೆ ಒಂದು ಹೆಸರಿತ್ತು, ದೊಡ್ಡಮ್ಮ. ಇಟ್ಟವಳು ಹೊಲಿಗೆಯಕ್ಕನ ಅತ್ತೆ. ಅತ್ತೆಗೆ ಹುಟ್ಟಿದಾಗಿನಿಂದ ಒಡಹುಟ್ಟು ಇಲ್ಲ, ಬಂಧುಬಳಗ ಇಲ್ಲ; ಕೈಹಿಡಿದ ಗಂಡನೂ ಅಂಥದೇ ಒಂಟಿಜೀವ. ಮನೆಗೆ ಮೊದಲು ಬಂದ ಸಾಮಾನು ಈ ಕಪಾಟು. ಬಂದ ದಿನ ಅತ್ತೆ ಅದರ ಬಾಗಿಲು ಸವರಿ, ಬಾ ದೊಡ್ಡಮ್ಮ, ನಮಗೂ ಒಬ್ಬರು ಹಿರಿಯರು ಬೇಕಿತ್ತು ಎಂದಿದ್ದಳಂತೆ. ಅಲ್ಲಿಂದ ಮುಂದೆ ಮನೆಗೆ ಏನು ಬಂದರೂ ಅದು ನೆಂಟನಾಗಿಯೇ ಬಂತು. ರಾತ್ರಿಯಿಡೀ ಗೊರಕೆ ಹೊಡೆಯುವ ಫ್ರಿಜ್ಜು ಭಾವ. ತೊಳೆಯುತ್ತ ತೊಳೆಯುತ್ತ ಕುಣಿದು ಬಚ್ಚಲ ಬಾಗಿಲವರೆಗೆ ನಡೆದು ಬರುವ ವಾಷಿಂಗ್ ಮೆಷಿನ್ನು ಚಿಕ್ಕಮ್ಮ. ಬೇಗ ಬಿಸಿಯಾಗುವ ಇಸ್ತ್ರಿಪೆಟ್ಟಿಗೆ ಅಳಿಯ. ಒಂದು ತಿರುಗಿದರೆ ಇನ್ನೊಂದು ತಿರುಗದ ಎರಡು ಫ್ಯಾನು ಓರಗಿತ್ತಿಯರು. ತಲೆಗೆ ನೀರು ಹೊಯ್ಯದೆ ಎದ್ದು ಕೆಲಸ ಮಾಡದ ಬಾವಿಯ ಪಂಪು ಷಡ್ಡಕ. ಪ್ಲಾಸ್ಟಿಕ್ ಹೊದಿಕೆ ತೆಗೆಯದೆ ಮುಂದಿನ ಕೋಣೆಯಲ್ಲಿ ಮೆರೆಸಿಟ್ಟ, ಮನೆಯವರು ಯಾರೂ ಕೂರುವ ಧೈರ್ಯ ಮಾಡದ ಮೂರು ಸೋಫಾ ಬೀಗರು. ಹೊಲಿಗೆ ಯಂತ್ರ ಮಾತ್ರ ನಾದಿನಿ. ಬೆಳಗಿನಿಂದ ಸಂಜೆತನಕ ಅವಳದೊಂದೇ ಗೊಣಗಾಟ, ಆದರೆ ಮನೆ ನಡೆಸುವವಳೂ ಅವಳೇ.

ಮೊದಮೊದಲು ಹೊಲಿಗೆಯಕ್ಕನಿಗೆ ನಗು ಬರುತ್ತಿತ್ತು. ಹದಿನೆಂಟು ವರ್ಷ ಕಳೆಯುವಷ್ಟರಲ್ಲಿ ಅವಳ ಬಾಯಲ್ಲೂ ಅದೇ ಕೂತಿತ್ತು. ಹಾಲು ಎಲ್ಲಿ ಎಂದು ಗಂಡ ಕೇಳಿದರೆ, ಭಾವನ ಹೊಟ್ಟೆಯಲ್ಲಿದೆ ನೋಡಿ ಎಂದು ತಲೆ ಎತ್ತದೆ ಹೇಳುತ್ತಿದ್ದಳು. ಹೊರಗಿನವರು ಕೇಳಿದರೆ ಏನೆಂದುಕೊಂಡಾರು ಎಂದು ಯಾರೂ ಯೋಚಿಸಲಿಲ್ಲ. ಹೊರಗಿನವರು ಬರುತ್ತಲೇ ಇರಲಿಲ್ಲವಲ್ಲ.

ಒಂದು ಬೇಸಿಗೆಯ ಆರಂಭದಲ್ಲಿ ಬೀದಿಯವರನ್ನೆಲ್ಲ ಶಾಲೆಯ ಸಭಾಂಗಣಕ್ಕೆ ಕರೆದು ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ಭಾಷಣ ಮಾಡಿದರು. ಈ ವರ್ಷ ಹುಲ್ಲು ಬೇಗ ಒಣಗಿದೆ, ಕಾಡ್ಗಿಚ್ಚು ಇಳಿದು ಬರಬಹುದು. ಮನೆ ಸುತ್ತ ಹತ್ತು ಹೆಜ್ಜೆ ಹುಲ್ಲು ಕೀಳಿ, ಮಾಡಿನ ಅಂಚಿನ ತರಗೆಲೆ ತೆಗೆಯಿರಿ, ಗೋಡೆಗೆ ಸೌದೆ ಒರಗಿಸಬೇಡಿ. ಮನೆಗೆ ವಿಮೆ ಮಾಡಿಸಿ. ಮಾಡಿಸುವಾಗ ಮನೆ ಮಾರಿದರೆ ಎಷ್ಟು ಬರುತ್ತದೆ ಎಂದಲ್ಲ, ಮತ್ತೆ ಕಟ್ಟಲು ಎಷ್ಟು ಬೇಕು ಎಂದು ಬರೆಸಿ. ಮನೆಯಲ್ಲಿರುವ ಒಂದೊಂದು ಸಾಮಾನನ್ನೂ ಪಟ್ಟಿ ಮಾಡಿ, ಫೋಟೋ ತೆಗೆದು, ಒಂದು ಪ್ರತಿಯನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ. ಬೆಂಕಿ ಬಿದ್ದಾಗ ಬಾವಿ ತೋಡಬೇಡಿ, ಎಂದು ಅವರು ಮುಗಿಸಿದರು. ಬಾವಿ ಆಗಲೇ ಇದೆ, ಅದರಲ್ಲಿ ಷಡ್ಡಕನೂ ಇದ್ದಾನೆ ಎಂದು ಅತ್ತೆ ಪಕ್ಕದವರಿಗೆ ಪಿಸುಗುಟ್ಟಿದಳು. ಪಕ್ಕದವರು ಕುರ್ಚಿಯನ್ನು ಒಂದಿಷ್ಟು ದೂರ ಎಳೆದುಕೊಂಡರು.

ಸಭೆಯ ಬಾಗಿಲಲ್ಲೇ ವಿಮೆ ಏಜೆಂಟ್ ನಿಂತಿದ್ದ. ಅವನನ್ನು ಊರೆಲ್ಲ 'ಒಂದೇ ಸಹಿ' ಎಂದು ಕರೆಯುತ್ತಿತ್ತು. ನಲವತ್ತು ಪುಟದ ಕಾಗದ ಮುಂದಿಟ್ಟು, ಏನೂ ಇಲ್ಲಕ್ಕ, ಒಂದೇ ಒಂದು ಸಹಿ, ಎನ್ನುವುದು ಅವನ ವಾಡಿಕೆ. ಆ ಒಂದೇ ಸಹಿಯನ್ನು ಹೊಲಿಗೆಯಕ್ಕ ಹದಿನೇಳು ಕಡೆ ಹಾಕಿದಳು. ಅಧಿಕಾರಿ ಹೇಳಿದ್ದನ್ನು ಅವಳು ಮರೆತಿರಲಿಲ್ಲ, ಮತ್ತೆ ಕಟ್ಟುವ ಖರ್ಚನ್ನೇ ಹಟ ಹಿಡಿದು ಬರೆಸಿದಳು. ಸಾಮಾನಿಗೆ ಮಾತ್ರ ಏಜೆಂಟನ ಮಾತು ಕೇಳಿ, ಹೊಸದರ ಬೆಲೆಯ ಬದಲು ಸವಕಳಿ ಕಳೆದ ಬೆಲೆ ಒಪ್ಪಿಕೊಂಡಳು. ಕಂತು ಕಡಿಮೆಯಾಗುತ್ತದಂತೆ. ಸವಕಳಿ ಅಂದರೇನು ಎಂದು ಕೇಳಿದ್ದಕ್ಕೆ ಅವನು, ವಯಸ್ಸಾದಂತೆ ಬೆಲೆ ಇಳಿಯೋದು ಅಕ್ಕ, ಮನುಷ್ಯರ ಹಾಗೇ, ಎಂದಿದ್ದ.

ಪಟ್ಟಿ ಮಾಡುವ ದಿನ ಅವಳ ಮುಂದೆ ಅರವತ್ತು ಅಂಗಿಗೆ ಕಾಜ ಹಾಕುವ ಕೆಲಸವಿತ್ತು. ಪಟ್ಟಿಯನ್ನು ಅಜ್ಜಿಗೂ ಮೊಮ್ಮಗಳಿಗೂ ಬಿಟ್ಟಳು. ಅಜ್ಜಿ ಹೇಳಿದಳು, ಹುಡುಗಿ ಬರೆದಳು. ತಲೆಬರಹ 'ಮನೆಯಲ್ಲಿ ಇರುವವು'. ಕೆಳಗೆ ಎಂಟು ಸಾಲು. ದೊಡ್ಡಮ್ಮ, ಮೂವತ್ತೆರಡು ವರ್ಷ, ಪ್ಯಾಸೇಜು, ಬಾಯಿ ಮುಚ್ಚುವುದಿಲ್ಲ. ಭಾವ, ಒಂಬತ್ತು ವರ್ಷ, ಅಡುಗೆಮನೆ, ಕಾಲ ಬಳಿ ನೀರು ಸೋರುತ್ತದೆ. ನಾದಿನಿ, ಹದಿನೈದು ವರ್ಷ, ಒಳಕೋಣೆ, ತಿಂಗಳಿಗೊಮ್ಮೆ ಎಣ್ಣೆ ಬೇಕು. ಬೀಗರು ಮೂವರು, ಎರಡು ವರ್ಷ, ಮುಂದಿನ ಕೋಣೆ, ಹೊದಿಕೆ ತೆಗೆದಿಲ್ಲ. ಹೀಗೆ. ಫೋಟೋ ತೆಗೆದವನು ಗಂಡ. ಅವನು ಲಿಫ್ಟ್ ಮೆಕ್ಯಾನಿಕ್, ಕೈಯಲ್ಲಿ ಕೆಲಸ ಚೆನ್ನ. ಆದರೆ ನೆಂಟರ ಫೋಟೋ ಅಂದಮೇಲೆ ತಾನೂ ಜೊತೆಗಿರಬೇಕಲ್ಲ ಎಂದು ಅತ್ತೆ ಎಂಟೂ ಫೋಟೋದಲ್ಲಿ, ಒಂದೊಂದರ ಹೆಗಲ ಮೇಲೂ ಕೈಯಿಟ್ಟು ನಿಂತಳು.

ಆ ಕಾಗದ ವಿಮಾ ಕಚೇರಿಯಲ್ಲಿ ಒಬ್ಬ ಟೈಪಿಸ್ಟನ ಕೈಗೆ ಹೋಯಿತು. ಆತ ಶುದ್ಧ ಬರಹದ ಮನುಷ್ಯ. ಅಂಗಡಿ ಬೋರ್ಡಿನಲ್ಲಿ ತಪ್ಪು ಕಂಡರೂ ಒಳಗೆ ಹೋಗಿ ಹೇಳಿ ಬರುವವನು. 'ಮನೆಯಲ್ಲಿ ಇರುವವು' ಎಂದು ಓದಿ, ಕೆಳಗೆ ದೊಡ್ಡಮ್ಮ, ಚಿಕ್ಕಮ್ಮ ಎಂದಿರುವುದು ನೋಡಿ ಅವನಿಗೆ ಕಸಿವಿಸಿಯಾಯಿತು. ಹಿರಿಯರನ್ನು 'ಇರುವವು' ಎನ್ನುವುದೇ? ದನಕರುಗಳೇ ಅವರು? ಈಗಿನ ಮಕ್ಕಳಿಗೆ ವ್ಯಾಕರಣವೂ ಇಲ್ಲ, ಮರ್ಯಾದೆಯೂ ಇಲ್ಲ ಎಂದುಕೊಂಡು ಅವನು 'ವು' ತೆಗೆದು 'ವರು' ಸೇರಿಸಿದ. ಮನೆಯಲ್ಲಿ ಇರುವವರು. ಒಂದೇ ಒಂದು ಅಕ್ಷರದಲ್ಲಿ ಹನ್ನೊಂದು ಸಾಮಾನಿಗೆ ಜೀವ ಬಂತು. ಮನೆಮಂದಿಯ ಫೋಟೋಕ್ಕೆ ಮುಖವಷ್ಟೇ ಬೇಕೆಂಬ ನಿಯಮವಿತ್ತು, ಆದ್ದರಿಂದ ಎಂಟೂ ಫೋಟೋವನ್ನು ಕತ್ತಿನ ಮಟ್ಟಕ್ಕೆ ಕತ್ತರಿಸಿದ. ಎಂಟು ಕಡೆಯೂ ಒಂದೇ ಮುಖ. ಒಂದೇ ವಂಶ, ಹೋಲಿಕೆ ಇರುತ್ತದೆ ಎಂದು ಮುದ್ರೆ ಒತ್ತಿದ. 'ಸಾಮಾನುಗಳು' ಎಂಬ ಪುಟದಲ್ಲಿ 'ಏನೂ ಇಲ್ಲ' ಎಂದು ತುಂಬಿದ.

ಮಳೆಗಾಲ ಹಿಡಿದ ಮೇಲೆ ಪಾಲಿಸಿ ಅಂಚೆಯಲ್ಲಿ ಬಂತು. ಹೊಲಿಗೆಯಕ್ಕ ಮೊದಲ ಪುಟ ನೋಡಿ, ಈ ಆರ್ಡರ್ ಮುಗಿದ ಮೇಲೆ ಉಳಿದದ್ದು ಓದಿದರಾಯಿತು ಎಂದು ಮಡಿಸಿದಳು. ಒಂದು ಆರ್ಡರ್ ಮುಗಿದರೆ ಇನ್ನೊಂದು ಬರುತ್ತದೆ, ದರ್ಜಿಯ ಬದುಕೇ ಹಾಗೆ. ಪಟ್ಟಿಯ ಒಂದು ಪ್ರತಿಯನ್ನು ನೆಂಟರ ಮನೆಯಲ್ಲಿಡಬೇಕು ಎಂದಿದ್ದರಲ್ಲ, ಎಲ್ಲಿಡೋಣ ಎಂದು ಗಂಡ ಕೇಳಿದ. ನಮ್ಮ ನೆಂಟರೆಲ್ಲ ಇಲ್ಲೇ ಇದ್ದಾರಲ್ಲ ಎಂದಳು ಅತ್ತೆ. ಪಾಲಿಸಿಯೂ ಪಟ್ಟಿಯ ಪ್ರತಿಯೂ ಒಟ್ಟಿಗೆ ದೊಡ್ಡಮ್ಮನ ಹೊಟ್ಟೆ ಸೇರಿದವು.

ಎಂಟು ತಿಂಗಳ ಮೇಲೆ, ಮುಂದಿನ ಬೇಸಿಗೆ ಕಾಲಿಡುತ್ತಿದ್ದಂತೆ, ಒಂದು ಮಧ್ಯಾಹ್ನ ಬಿಸಿಗಾಳಿ ಎದ್ದಿತು. ಇಳಿಜಾರಿನ ನೆತ್ತಿಯ ಮೇಲೆ ಕಂದು ಹೊಗೆ ಕಾಣಿಸಿಕೊಂಡಿತು. ಧ್ವನಿವರ್ಧಕದ ಜೀಪು ಬೀದಿಗೆ ಬಂದು ಹತ್ತು ನಿಮಿಷ ಕೊಟ್ಟಿತು. ಗಂಡ ಪೇಟೆಯಲ್ಲಿ ಯಾವುದೋ ಲಿಫ್ಟಿನ ಕೆಳಗಿದ್ದ, ಮಗಳು ಶಾಲೆಯಲ್ಲಿದ್ದಳು. ಹೊಲಿಗೆಯಕ್ಕ ಕತ್ತರಿ, ಅಳತೆಯ ಟೇಪು, ಆರ್ಡರಿನ ಪುಸ್ತಕ ತೆಗೆದುಕೊಂಡಳು. ಅತ್ತೆ ಒಬ್ಬೊಬ್ಬ ನೆಂಟರಿಗೂ ಹೇಳಿ ಬರುವಷ್ಟರಲ್ಲಿ ಒಂಬತ್ತು ನಿಮಿಷ ಕಳೆದಿತ್ತು. ಇಬ್ಬರನ್ನೂ ಹತ್ತಿಸಿಕೊಂಡು ಜೀಪು ಹೊರಟ ಮೇಲೆ ಅತ್ತೆಗೆ ನೆನಪಾಯಿತು.

"ಪಾಲಿಸಿ ತಗೊಂಡೆಯೇನೇ?"

"ದೊಡ್ಡಮ್ಮನ ಹತ್ರ ಇದೆ ಅತ್ತೆ."

"ಸದ್ಯ, ಭದ್ರವಾಗಿದೆ ಬಿಡು."

ಹೊಲಿಗೆಯಕ್ಕನಿಗೂ ಒಂದು ಕ್ಷಣ ಸಮಾಧಾನವಾಯಿತು. ಆಮೇಲೆ ಹಿಂದಿರುಗಿ ನೋಡಿದಳು. ಸಮಾಧಾನ ಮಾಡಿನ ಸಮೇತ ಉರಿಯುತ್ತಿತ್ತು.

ಮೂರು ದಿನದ ನಂತರ ಗಾಳಿ ಬಿದ್ದಿತು, ಬೆಂಕಿಯೂ ಸುಸ್ತಾಯಿತು. ಮನೆಯಲ್ಲಿ ಉಳಿದದ್ದು ಕರಕಲು ಗೋಡೆ ಎರಡು, ಅಡುಗೆಮನೆಯ ಜಾಗದಲ್ಲಿ ನಿಂತೇ ಸುಟ್ಟ ಫ್ರಿಜ್ಜು. ಕುಟುಂಬ ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗೆ ಬಂತು. ಹೊಸ ಮನೆ ಏಳುವವರೆಗಿನ ಬಾಡಿಗೆಯನ್ನು ಪಾಲಿಸಿಯೇ ಕೊಡುತ್ತದೆಂದು ತಿಳಿದು ಹೊಲಿಗೆಯಕ್ಕನಿಗೆ ಮೊದಲ ಬಾರಿ ಕಂತು ಕಟ್ಟಿದ್ದು ಸಾರ್ಥಕವೆನಿಸಿತು. ಅದೇ ಸಂಜೆ ಕಂಪನಿಯ ಗಾಡಿ ಬಂದು ಹಾಸಿಗೆ ಇಳಿಸಿತು. ಒಂದಲ್ಲ, ಎರಡಲ್ಲ, ಹದಿನೈದು. ಮಲಗಲು ನಾಲ್ಕು ಹಾಸಿ, ಉಳಿದ ಹನ್ನೊಂದನ್ನು ಒಂದರ ಮೇಲೊಂದು ಪೇರಿಸಿದರು. ಪೇರಿಕೆಯ ನೆತ್ತಿಗೆ ಸರಿಯಾಗಿ ಗೋಡೆಯಲ್ಲೊಂದು ಎತ್ತರದ ಕಿಟಕಿಯಿತ್ತು. ಮಗಳು ಅದರ ಮೇಲೆ ಹತ್ತಿ ಕೂತಳು. ಕಿಟಕಿಯಿಂದ ಕಾಣುತ್ತಿದ್ದದ್ದು ಹಳೆಯ ಟೈರಿನ ರಾಶಿ. ಅದನ್ನೇ ಅವಳು ಊಟಕ್ಕೆ ಕರೆಯುವವರೆಗೆ ನೋಡಿದಳು. ಮರುದಿನ ಬೆಳಿಗ್ಗೆ, ಹೊರಗಡೆ ಬೆಳಗಾಯ್ತಾ ಎಂದು ಕೇಳಲಿಲ್ಲ. ಅದನ್ನು ಗಮನಿಸಿದ್ದು ಹೊಲಿಗೆಯಕ್ಕ ಒಬ್ಬಳೇ.

ಹದಿನೈದು ಹಾಸಿಗೆಯ ಗುಟ್ಟು ಪರಿಹಾರ ಕಚೇರಿಯ ಅಧಿಕಾರಿ ಬಂದಾಗ ಅರ್ಧ ಬಿಚ್ಚಿತು. ಆತ ಟೋಪಿ ಕಂಕುಳಲ್ಲಿಟ್ಟುಕೊಂಡು, ತಗ್ಗಿದ ದನಿಯಲ್ಲಿ, ವಿಮಾ ಕಂಪನಿಯಿಂದ ಪಟ್ಟಿ ಬಂದಿದೆ, ನಿಮ್ಮ ಮನೆಯ ಹನ್ನೊಂದು ಜನರ ಸುಳಿವಿಲ್ಲ ಎಂದ. ಬಾಗಿಲು ತೆರೆದವಳು ದುರದೃಷ್ಟಕ್ಕೆ ಅತ್ತೆ. ಇಷ್ಟು ದಿನ ಯಾರೂ ಹೀಗೆ ವಿಚಾರಿಸಿರಲಿಲ್ಲ, ಅವಳಿಗೆ ಕಣ್ಣು ತುಂಬಿ ಬಂತು.

"ದೊಡ್ಡಮ್ಮ ಪೂರ್ತಿ ಬೂದಿಯಾಗಿ ಹೋದಳಪ್ಪ. ಭಾವ ನಿಂತಲ್ಲೇ ಸುಟ್ಟ. ಬದುಕಿದವನು ಷಡ್ಡಕ ಒಬ್ಬನೇ. ಬಾವಿಯೊಳಗಿದ್ದ ನೋಡು."

"ಅವರನ್ನ ಮೇಲಕ್ಕೆ ತೆಗೆದ್ರಾ?"

"ಯಾಕೆ ತೆಗೀಬೇಕು? ಹನ್ನೆರಡು ವರ್ಷದಿಂದ ಅಲ್ಲೇ ಇದ್ದಾನೆ, ಆರಾಮಾಗಿದ್ದಾನೆ."

ಅಧಿಕಾರಿ ಟೋಪಿ ತಲೆಗೇರಿಸಿದ. ಹೊಲಿಗೆಯಕ್ಕ ಓಡಿಬಂದು ಎಲ್ಲ ಬಿಡಿಸಿ ಹೇಳಬೇಕಾಯಿತು. ಆತ ಸುಟ್ಟ ಮನೆಗೇ ಹೋಗಿ, ಬಾವಿಗೆ ಬಗ್ಗಿ, ಪಂಪನ್ನು ಕಣ್ಣಾರೆ ಕಂಡು, ನಕ್ಕು, ಒಂದು ಪ್ರಮಾಣಪತ್ರ ಬರೆದುಕೊಟ್ಟ: ಈ ಮನೆಯಲ್ಲಿ ಯಾರೂ ಸತ್ತಿಲ್ಲ. ಸದ್ಯ ಮುಗಿಯಿತಲ್ಲ ಎಂದುಕೊಂಡಳು ಹೊಲಿಗೆಯಕ್ಕ. ವಿಮಾ ಕಚೇರಿ ಆ ಪತ್ರವನ್ನು ಕಣ್ಣಿಗೊತ್ತಿಕೊಂಡಿತು. ಯಾರೂ ಸತ್ತಿಲ್ಲ ಎಂದಮೇಲೆ ಹದಿನೈದು ಜನವೂ ಬದುಕಿದ್ದಾರೆ ಎಂದಾಯಿತಲ್ಲ.

ಕಂಪನಿಯ ಸರ್ವೇಯರ್ ಸೋಮವಾರ ಬಂದ. ಒಳ್ಳೆಯ ಮನುಷ್ಯ, ಮೂವತ್ತು ವರ್ಷ ಸುಟ್ಟ ಮನೆಗಳನ್ನು ಅಳೆದು ಬೆನ್ನು ಬಾಗಿತ್ತು. ಬೂದಿಯ ನಡುವೆ ನಿಂತು ಫೈಲು ತೆರೆದ.

"ಸಾಮಾನಿನ ಪುಟದಲ್ಲಿ ಏನೂ ಇಲ್ಲ ಅಂತಿದೆಯಲ್ಲಮ್ಮ. ಸಾಮಾನಿಗೆ ಏನೂ ಬರಲ್ಲ."

"ಜನ ಅಂತ ಬರ್ಕೊಂಡಿರೋದೇ ಸಾಮಾನು ಸಾರ್. ದೊಡ್ಡಮ್ಮ ಅಂದ್ರೆ ಕಪಾಟು."

"ಹಿರಿಯರನ್ನ ಹಾಗನ್ನಬಾರದಮ್ಮ."

ಅವಳು ಅಡುಗೆಮನೆಯ ಜಾಗಕ್ಕೆ ಕೈ ತೋರಿದಳು. "ಅಲ್ಲಿ ನಿಂತಿರೋದು ಏನು ಹೇಳಿ?"

"ಫ್ರಿಜ್ಜು."

"ಅದೇ ಭಾವ."

ಸರ್ವೇಯರ್ ಫ್ರಿಜ್ಜನ್ನು ನೋಡಿದ, ಫೈಲನ್ನು ನೋಡಿದ, ಕನ್ನಡಕ ಒರೆಸಿ ಮತ್ತೆ ಎರಡನ್ನೂ ನೋಡಿದ. "ಇರಬಹುದಮ್ಮ. ನನ್ನ ಕಣ್ಣಿಗೂ ಹಾಗೇ ಕಾಣ್ತಿದೆ. ಆದರೆ ಪಟ್ಟಿಯಲ್ಲಿ ಫ್ರಿಜ್ಜಿಲ್ಲ, ಭಾವ ಇದ್ದಾರೆ. ಕಂಡದ್ದನ್ನ ಬರೆಯೋದು ನನ್ನ ಕೆಲಸ ಅಲ್ಲ. ಪಟ್ಟಿಗೆ ತಾಳೆ ಆಗೋದನ್ನ ಬರೆಯೋದು ನನ್ನ ಕೆಲಸ."

ತಿದ್ದಬೇಕಾದರೆ ಮನೆಯವರು ಕೈಯಲ್ಲಿ ಬರೆದುಕೊಟ್ಟ ಮೂಲ ಪಟ್ಟಿ ಬೇಕು ಎಂದು ಅವನು ವಿವರಿಸಿದ. ಕಚೇರಿಯಲ್ಲಿದ್ದದ್ದನ್ನು ಆರು ತಿಂಗಳಾದ ಮೇಲೆ ಜಾಗ ಸಾಲದೆಂದು ಚೂರು ಮಾಡಿದ್ದಾರೆ. ಫೋಟೋಗಳಿಂದ ಕತ್ತರಿಸಿ ಉಳಿದದ್ದೂ ಅದೇ ದಾರಿ ಹಿಡಿದಿದೆ. ಅವಳ ಪ್ರತಿ ದೊಡ್ಡಮ್ಮನ ಜೊತೆ ಬೂದಿಯಾಗಿದೆ. ಅಲ್ಲಿಗೆ ಸಾಮಾನಿನ ಕತೆ ಮುಗಿಯಿತು.

ಅಷ್ಟಾದ ಮೇಲೆ ಅವನು ಇನ್ನೊಂದು ಹಾಳೆ ಬಿಚ್ಚಿದ. ಹೊಸ ಕಟ್ಟಡ ನಿಯಮವೊಂದಿದೆ. ಹತ್ತಕ್ಕಿಂತ ಹೆಚ್ಚು ಜನರಿರುವ ಮನೆಯನ್ನು ಮತ್ತೆ ಕಟ್ಟುವಾಗ ಗಾಳಿ ಬೆಳಕಿರುವ ಒಂದು ಕೋಣೆ ಹೆಚ್ಚಿಗೆ ಕಟ್ಟಲೇಬೇಕು. ನಿಯಮಕ್ಕೆ ತಕ್ಕಂತೆ ಕಟ್ಟಿಕೊಡುವ ಭಾರ ಪಾಲಿಸಿಯ ಮೂವತ್ತೊಂದನೇ ಪುಟದ ಪ್ರಕಾರ ಕಂಪನಿಯದು. ನಕ್ಷೆಯಲ್ಲಿ ಪ್ಯಾಸೇಜಿನ ಪಕ್ಕಕ್ಕೆ ಒಂದು ಹೊಸ ಚೌಕವಿತ್ತು. ಚೌಕದ ಒಂದು ಬದಿಯಲ್ಲಿ ಮೂರು ಸಣ್ಣ ಗೆರೆ.

"ಇದೇನು ಅಂಕಲ್?" ಎಂದು ಮಗಳು ಕೇಳಿದಳು. ಶಾಲೆಯಿಂದ ನೇರ ಅಲ್ಲಿಗೇ ಬಂದಿದ್ದಳು, ಬ್ಯಾಗು ಹೆಗಲಲ್ಲೇ ಇತ್ತು.

"ಕಿಟಕಿ."

ಹದಿನೈದು ಜನ ಎಂದು ಗುರುವಾರದೊಳಗೆ ಸಹಿ ಮಾಡಿದರೆ ಮುಂದಿನ ವಾರವೇ ಅಡಿಪಾಯ ಎಂದು ಹೇಳಿ ಸರ್ವೇಯರ್ ಟೇಪು ಸುತ್ತಿಕೊಂಡ. ಹೋಗುವ ಮುನ್ನ ಮೆಲ್ಲಗೆ, ಸುಮ್ಮನೆ ಸಹಿ ಹಾಕಿ ತಾಯಿ, ಇಷ್ಟು ವರ್ಷದಲ್ಲಿ ಕಂಪನಿ ತಪ್ಪು ಮಾಡಿ ಒಬ್ಬರಿಗೆ ಒಳ್ಳೆಯದಾದದ್ದನ್ನು ನಾನು ನೋಡಿಲ್ಲ, ನೋಡಬೇಕೂಂತ ಆಸೆ, ಎಂದ.

ಮನೆಯಲ್ಲಿ ಸಭೆ ಸೇರಿತು. ಗಂಡನ ಅಭಿಪ್ರಾಯ ಅವನ ಲಿಫ್ಟಿನಂತೆಯೇ. ಕೋಣೆ ಬರುತ್ತದೆ ಅಂದಾಗ ಮೇಲೆ ಹೋಗುವುದು, ಸುಳ್ಳು ಸಹಿ ಅಂದಾಗ ಕೆಳಗಿಳಿಯುವುದು, ಯಾವ ಮಹಡಿಯಲ್ಲೂ ಬಾಗಿಲು ತೆರೆಯುವುದಿಲ್ಲ. ಅತ್ತೆಗಂತೂ ಹಿಗ್ಗು. ಮೂವತ್ತೆರಡು ವರ್ಷ ನನ್ನನ್ನು ಅರೆಹುಚ್ಚಿ ಅಂತ ಆಡಿಕೊಂಡರು, ಈಗ ಕಂಪನಿಯೇ ಮುದ್ರೆ ಒತ್ತಿ ಒಪ್ಪಿದೆ ಎಂದು ಟೈರ್ ಅಂಗಡಿಯವನಿಗೂ ಹೇಳಿ ಬಂದಳು.

ಹೊಲಿಗೆಯಕ್ಕನ ಲೆಕ್ಕವೇ ಬೇರೆ. ಹೊಸ ಶಾಲಾವರ್ಷ ಶುರುವಾಗುವ ಮುನ್ನ ಇನ್ನೂರ ನಲವತ್ತು ಅಂಗಿ ಹೊಲಿದುಕೊಡಬೇಕು. ಆಗುತ್ತೋ ಇಲ್ಲವೋ ಶುಕ್ರವಾರ ಹೇಳಿ, ಆಗದಿದ್ದರೆ ಪೇಟೆಯ ದರ್ಜಿಗೆ ಕೊಡುತ್ತೇನೆ ಎಂದು ಮುಖ್ಯೋಪಾಧ್ಯಾಯಿನಿ ಮೃದುವಾಗಿಯೇ ಹೇಳಿದ್ದರು. ಒಂದು ಸಲ ಕೈಬಿಟ್ಟ ಶಾಲೆ ಮತ್ತೆ ಕೈಗೆ ಬರುವುದಿಲ್ಲ. ನಾದಿನಿ ಇಲ್ಲದೆ ಅವಳು ಆಗಲೇ ಮೂರು ದಿನದಿಂದ ಕೈಯಲ್ಲಿ ಕಾಲರು ಹೊಲಿಯುತ್ತಿದ್ದಳು. ಮೂರು ದಿನಕ್ಕೆ ಏಳು ಅಂಗಿ. ಯಂತ್ರ ಬೇಕೇ ಬೇಕು. ಆದರೆ ತಿದ್ದಿಸಲು ಪುರಾವೆ ಇಲ್ಲ. ಇಲ್ಲ ಎಂದು ನೆನೆದಾಗಲೆಲ್ಲ ಅವಳ ಎದೆಯ ಮೂಲೆಯಲ್ಲಿ ಒಂದು ಚೂರು ಸಂತೋಷವಾಗುತ್ತಿತ್ತು, ಅದಕ್ಕೆ ನಾಚಿಕೆಯೂ ಆಗುತ್ತಿತ್ತು. ಪುರಾವೆ ಇಲ್ಲದ ಮೇಲೆ ತಾನೇನು ಮಾಡಲಿಕ್ಕಾಗುತ್ತದೆ? ಸಹಿ ಹಾಕುವುದು, ಹನ್ನೊಂದು ವರ್ಷದ ಮಾತು ಉಳಿಯುವುದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬದುಕು ಹೇಗೋ ನಡೆದೀತು.

ಬುಧವಾರ ಸಂಜೆ ಮಗಳು ಹಾಸಿಗೆಯ ಪೇರಿಕೆಯಿಂದ ಇಳಿದು ಬಂದು, ಅವಳ ಮಡಿಲಲ್ಲಿದ್ದ ಅಂಗಿಯ ಮೇಲೆ ಲೆಕ್ಕದ ನೋಟ್‌ಬುಕ್ಕೊಂದನ್ನು ತೆರೆದಿಟ್ಟಳು. ಬಲಪುಟದಲ್ಲಿ ತ್ರಿಕೋನಗಳು. ಎಡಪುಟದಲ್ಲಿ 'ಮನೆಯಲ್ಲಿ ಇರುವವು', ಕೆಳಗೆ ಎರಡು ಗೆರೆ. ದೊಡ್ಡಮ್ಮ (ಕಪಾಟು). ಭಾವ (ಫ್ರಿಜ್). ನಾದಿನಿ (ಹೊಲಿಗೆ ಮೆಷಿನ್). ಎಂಟೂ ಸಾಲು ಇದ್ದವು. ಅಂಚಿನಲ್ಲಿ ಲೆಕ್ಕದ ಮೇಷ್ಟರು ಕೆಂಪು ಶಾಯಿಯಲ್ಲಿ 'ಇದೇನು?' ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿದ್ದರು.

"ಮೊದಲು ಇದರಲ್ಲಿ ಬರ್ದಿದ್ದೆ. ಆಮೇಲೆ ನೀಟಾಗಿ ಬರಿಯೋವಾಗ, ನೆಂಟರ ಪಕ್ಕ ಕಪಾಟು ಗಿಪಾಟು ಅಂತ ಬರೀಬೇಡ, ಬೇಜಾರಾಗ್ತಾರೆ ಅಂದ್ಳು ಅಜ್ಜಿ."

"ಈಗ ಸಿಕ್ತಾ?"

"ಕಳೆದೇ ಇರ್ಲಿಲ್ಲ. ಬ್ಯಾಗಲ್ಲೇ ಇತ್ತು."

ಸೋಮವಾರ ನಕ್ಷೆಯ ಮೇಲೆ ಬಗ್ಗಿದಾಗಲೂ ಆ ಬ್ಯಾಗು ಅವಳ ಹೆಗಲಲ್ಲೇ ಇತ್ತು ಎಂಬುದು ಹೊಲಿಗೆಯಕ್ಕನಿಗೆ ನೆನಪಾಯಿತು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಇದನ್ನ ತೋರಿಸದೇ ಇದ್ದಿದ್ರೆ ಕೋಣೆ ಬರ್ತಿತ್ತು ಕಣೇ."

"ಗೊತ್ತು."

"ಗೊತ್ತಿದ್ದೂ ತಂದ್ಯಾ?"

"ನೀನು ಆ ಕಾಲರು ಹೊಲಿಯೋದನ್ನ ಅಲ್ಲಿ ಮೇಲಿಂದ ಎಷ್ಟು ದಿನ ನೋಡ್ಲಿ? ಕಿಟಕಿಗೆ ಬೆನ್ನು ಹಾಕಿ ಕೂತಿದ್ದೆ ಎರಡು ದಿನದಿಂದ."

ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ನೋಟ್‌ಬುಕ್ಕು ಹಿಡಿದು ಹೊಲಿಗೆಯಕ್ಕ ಒಲೆಯ ಹತ್ತಿರ ಹೋಗಿ ನಿಂತಳು. ಒಂದು ಹಾಳೆ. ದೊಡ್ಡಮ್ಮನಂಥ ದೊಡ್ಡಮ್ಮನೇ ಬೂದಿಯಾಗಿದ್ದಾಳೆ, ಒಂದು ಹಾಳೆ ಎಷ್ಟರದು. ಮಗಳು ಮಡಿಲಿಂದ ಜಾರಿದ್ದ ಅಂಗಿಯನ್ನೆತ್ತಿ ಮಡಿಸತೊಡಗಿದಳು. ಗಂಜಿ ಉಕ್ಕಿ ಉರಿಯ ಮೇಲೆ ಚೆಲ್ಲಿ ಚುಂಯ್ ಎಂದಿತು. ಹೊಲಿಗೆಯಕ್ಕ ಒಲೆ ಸಣ್ಣದು ಮಾಡಿ, ನೋಟ್‌ಬುಕ್ಕಿಗೆ ಗಂಜಿ ತಾಗಿದೆಯೇ ಎಂದು ನೋಡಿ, ಸೆರಗಿನಿಂದ ಒರೆಸಿ, ಅದನ್ನು ಕತ್ತರಿಯ ಚೀಲದಲ್ಲಿಟ್ಟಳು.

ಗುರುವಾರ ವಿಮಾ ಕಚೇರಿಯಲ್ಲಿ ಅದನ್ನು ಶುದ್ಧ ಬರಹದ ಟೈಪಿಸ್ಟನ ಮುಂದೆಯೇ ಇಟ್ಟರು. ಅವನು ಭೂತಗನ್ನಡಿ ಹಿಡಿದು 'ವು' ಅಕ್ಷರವನ್ನು ಬಹಳ ಹೊತ್ತು ನೋಡಿದ. ಅಕ್ಷರ ಸರಿಯಿದೆ ಎಂದು ಒಪ್ಪಿಕೊಂಡ. ತಾನು ಮಾಡಿದ್ದು ತಪ್ಪಲ್ಲ, ಗೌರವ ಎಂದ. ತನ್ನ ಸೇವೆಯಲ್ಲಿ ಮನುಷ್ಯರನ್ನು ಸಾಮಾನೆಂದು ಬರೆದದ್ದುಂಟು, ಸಾಮಾನನ್ನು ಮನುಷ್ಯರೆಂದು ಬರೆದದ್ದು ಇದೇ ಮೊದಲು, ಅದಕ್ಕೆ ಅರ್ಜಿಯ ನಮೂನೆಯೇ ಇಲ್ಲ ಎಂದು ಚಡಪಡಿಸಿದ. ಕೊನೆಗೆ ಮೇಷ್ಟರ ಕೆಂಪು ಸಹಿ ಕೆಲಸ ಮಾಡಿತು. 'ವರು' ಹೋಗಿ 'ವು' ಬಂತು, ಹನ್ನೊಂದು ಜನ ಮತ್ತೆ ಸಾಮಾನಾದರು. ಪಕ್ಕದಲ್ಲಿ ಕೂತಿದ್ದ ಸರ್ವೇಯರ್ ನಕ್ಷೆಯ ಮೇಲಿನ ಹೊಸ ಚೌಕವನ್ನು ರಬ್ಬರಿನಿಂದ ಉಜ್ಜಿದ. ಒಳ್ಳೆಯ ಪೆನ್ಸಿಲ್ಲು, ಬೇಗ ಅಳಿಯಲಿಲ್ಲ.

ಆಮೇಲೆ ಸವಕಳಿಯ ಲೆಕ್ಕ. ಮೂವತ್ತೆರಡು ವರ್ಷದ ದೊಡ್ಡಮ್ಮನಿಗೆ ಸೊನ್ನೆ. ಅತ್ತೆ ಒಂದು ವಾರ ಕಂಪನಿಯ ಹೆಸರೆತ್ತಿದರೆ ಉಗಿಯುತ್ತಿದ್ದಳು. ಭಾವನಿಗೆ ಅಷ್ಟಿಷ್ಟು. ನಾದಿನಿಗೆ ಒಂದು ಹೊಸ ಕತ್ತರಿಗೆ ಸಾಲುವಷ್ಟು. ಷಡ್ಡಕ ಬದುಕಿದ್ದರಿಂದ ಏನೂ ಇಲ್ಲ. ಇಷ್ಟಕ್ಕಾಗಿ ಆ ಚೌಕ ಅಳಿಸಿದೆನೇ ಎಂದು ಹೊಲಿಗೆಯಕ್ಕ ಅಂದುಕೊಳ್ಳುತ್ತಿರುವಾಗ ಸರ್ವೇಯರ್ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ಬೀಗರು ಮೂವರು, ಹೊದಿಕೆ ತೆಗೆದಿಲ್ಲ. ಹೊದಿಕೆ ತೆಗೆಯದ ಸಾಮಾನು ಬಳಸದ ಸಾಮಾನು, ಬಳಸದ್ದಕ್ಕೆ ಸವಕಳಿ ಇಲ್ಲ, ಪೂರ್ತಿ ಬೆಲೆ. ಕೂತರೆ ನೋಡು ಎಂದು ಅತ್ತೆ ಎರಡು ವರ್ಷ ಕಾವಲು ಕಾದ ಸೋಫಾದ ಹಣದಲ್ಲಿ ಶುಕ್ರವಾರ ಬೆಳಿಗ್ಗೆ ಹೊಸ ಹೊಲಿಗೆ ಯಂತ್ರ ಬಂತು. ಬೀಗರು ಅಂದರೆ ಹೀಗಿರಬೇಕು ಎಂದಳು ಅತ್ತೆ. ಆ ದಿನವೇ ಹೊಲಿಗೆಯಕ್ಕ ಶಾಲೆಗೆ ಹೋಗಿ ಆಗುತ್ತೆ ಎಂದು ಹೇಳಿ ಬಂದಳು. ಶನಿವಾರ ಕಂಪನಿಯ ಗಾಡಿ ಬಂದು ಹನ್ನೊಂದು ಹಾಸಿಗೆ ವಾಪಸು ಒಯ್ದಿತು. ಟೈರ್ ಅಂಗಡಿಯ ಮೇಲಿನ ಕಿಟಕಿ ಮತ್ತೆ ಎತ್ತರದಲ್ಲಿ ಉಳಿಯಿತು.

ಏಳು ತಿಂಗಳಲ್ಲಿ ಮನೆ ಎದ್ದಿತು. ಇದ್ದದ್ದು ಇದ್ದ ಹಾಗೆ ಎಂಬುದು ಪಾಲಿಸಿಯ ಮಾತು, ಆ ಮಾತನ್ನು ಕಂಪನಿ ಅಕ್ಷರಶಃ ಉಳಿಸಿಕೊಂಡಿತು. ಎರಡು ಕೋಣೆ, ಒಂದು ಅಡುಗೆಮನೆ, ನಡುವೆ ಪ್ಯಾಸೇಜು. ಸುತ್ತ ಹತ್ತು ಹೆಜ್ಜೆ ಹುಲ್ಲು ಈಗ ಹೊಲಿಗೆಯಕ್ಕನೇ ಕೀಳುತ್ತಾಳೆ. ನಲವತ್ತು ಪುಟವನ್ನೂ ಓದಿದ್ದಾಳೆ. ಹೊಸ ಪಟ್ಟಿಯಲ್ಲಿ ಮಗಳು 'ಕಪಾಟು, ಒಂದು' ಎಂದು ಬರೆದಿದ್ದಾಳೆ, ಒಂದು ಪ್ರತಿ ಟೈರ್ ಅಂಗಡಿಯಲ್ಲಿದೆ. ಸಾಮಾನಿಗೆ ಹೊಸದರ ಬೆಲೆಯನ್ನೇ ಬರೆಸಿದ್ದಾರೆ. ಅದರ ಕಂತು ಹೆಚ್ಚು, ಅದನ್ನು ಕಟ್ಟಿದ ಮೇಲೆ ಕೋಣೆ ಕಟ್ಟಿಸಲು ಏನೂ ಉಳಿಯುವುದಿಲ್ಲ.

ಹೊಸ ಮನೆಯ ಮೊದಲ ಬೆಳಿಗ್ಗೆ ಪ್ಯಾಸೇಜಿನಿಂದ ಕೂಗು ಬಂತು: "ಅಮ್ಮಾ, ಹೊರಗಡೆ ಬೆಳಗಾಯ್ತಾ?"

"ಆಗಿದೆ, ಏಳು," ಎಂದಳು ಹೊಲಿಗೆಯಕ್ಕ.

ಮಗಳಿಗೆ ಕಿಟಕಿ ಇರುವ ಕೋಣೆ ಸಿಗಲಿಲ್ಲ. ಕೊಟ್ಟ ಮಾತು ತಪ್ಪಿತು.